ಅಲಾರಂ ನಿಲ್ಲಿಸಿದವರ ಹೆಸರು

ನಮ್ಮ ಪಕ್ಕದ ಮನೆಯವಳಿಗೆ ಆದದ್ದಿದು. ಕಟ್ಟುಕತೆ ಅಲ್ಲ. ಎರಡನೇ ಪಾಳಿ ಮುಗಿಸಿ, ಹಾಳುಬಾವಿ ಪಕ್ಕದ ದಾರೀಲಿ ಮನೆಗೆ ನಡೀತಿದ್ದಳು. ರಾತ್ರಿ ಎರಡು ನಲವತ್ತು. ಬಾವಿಯೊಳಗೆ ನೀರು ಜಿನುಗೋ ಸದ್ದು... ತೊಟ್... ತೊಟ್. ಅವಳ ಚಪ್ಪಲಿ ಚರಕ್, ಚರಕ್. ಬೇರೇನಿಲ್ಲ.

ಅವಳ ಕೆಲಸ ಯಂತ್ರಗಳ ಲಾಗ್ ಕಾಯೋದು. ಆಸ್ಪತ್ರೇಲಿ ರಕ್ತ ಇಡೋ ತಣ್ಣನೆ ಕೋಣೆ ಇರುತ್ತಲ್ಲ, ಅದರ ಯಂತ್ರ ಕ್ಷಣಕ್ಷಣಕ್ಕೂ ತನ್ನ ಪಾಡನ್ನ ಒಂದೊಂದು ಸಾಲಾಗಿ ಬರೀತಾ ಇರುತ್ತೆ, ಅದೇ ಲಾಗ್. ಬಿಸಿ ಏರಿದರೆ, ಪಾಳಿ ಮುಗಿದಿದ್ದರೂ, ಅವಳ ಫೋನಿಗೆ ಅಲಾರಂ. ಐದು ನಿಮಿಷದೊಳಗೆ ಕೂತಲ್ಲಿಂದಲೇ ಇನ್ನೊಂದು ಯಂತ್ರ ಶುರು ಮಾಡಬೇಕು, ಆಗಲೇ ಅಲಾರಂ ನಿಲ್ಲೋದು. ಮೊದಲು ಆ ಕೆಲಸ ಅವಳ ಅಣ್ಣನದು. ನಾಲ್ಕು ತಿಂಗಳ ಹಿಂದೆ ಬಸ್ಸಿನಲ್ಲಿ, ಕೂತಲ್ಲೇ ಹೋಗಿಬಿಟ್ಟ. ಅವಳು ಅಳಲಿಲ್ಲ. ಅವನ ಕುರ್ಚೀಲಿ ಹೋಗಿ ಕೂತಳು, ಅಷ್ಟೇ.

ಫೋನು ಟಿಣ್... ಟಿಣ್... ಅಂತು. ಬೆರಳಿಡೋದರೊಳಗೆ ನಿಂತೂಹೋಯ್ತು.

ಆವತ್ತು ತಾನೇ ಲಾಗ್ ನೋಡೋ ಸಾಫ್ಟ್‌ವೇರ್ ಹೊಸದಾಗಿತ್ತು. ಅಲಾರಂ ನಿಲ್ಲಿಸಿದ್ದು ಯಾರು, ಎಲ್ಲಿಂದ, ಎಲ್ಲಾ ತೋರಿಸುತ್ತೆ ಅಂತ ಕಂಪನಿಯವರು ಹೇಳಿದ್ದರು. ನೋಡಿದಳು. ಅಣ್ಣನ ಹೆಸರು. ಎಲ್ಲಿಂದ... ಮನೆಯಿಂದ.

ಎದೆ ಧಸಕ್ಕನ್ನಬೇಕಿತ್ತು. ಅನ್ನಲಿಲ್ಲ. ಮೇಲಧಿಕಾರಿಗೆ ಫೋನು ಮಾಡಿದಳು.

“ಸರ್, ಈಗ ಯಂತ್ರ ಶುರು ಮಾಡಿದ್ದು ಯಾರು?” ಪಿಸುಗುಟ್ಟಿದಳು.

“ನೀನೇ ಅಲ್ವಾ?”

“ಅಣ್ಣನ ಹೆಸರಿದೆ.”

“ಹೊಸದು ಬಂದಾಗ ನಾಲ್ಕು ದಿನ ಎಲ್ಲಾ ಕಲಸುಮೇಲೋಗರ. ಬೆಳಿಗ್ಗೆ ಆ ಹೆಸರು ತೆಗೆದುಬಿಡು.”

ಮನೆಗೆ ಬಂದರೆ ಅಮ್ಮ ಹಾಸಿಗೆ ಮೇಲೆ ಎದ್ದು ಕೂತಿದ್ದಳು.

“ಹೊರಗಿಂದ ಬರ್ತಿದೀಯ? ಈಗ ತಾನೇ ಅಣ್ಣನ ಕೋಣೇಲಿ ಟಕ ಟಕ ಒತ್ತುತ್ತಿದ್ದೆಯಲ್ಲ...”

ಅಣ್ಣನ ಕೋಣೆ ಬಾಗಿಲು ತೆಗೆದಳು. ಕಂಪ್ಯೂಟರನ್ನ ಕಂಪನಿಯವರು ಯಾವತ್ತೋ ಒಯ್ದಿದ್ದರು. ಬರೀ ಮೇಜು.

“ನಾನೇ ಇರಬೇಕು ಬಿಡಮ್ಮ,” ಅಂದಳು.

ಬೆಳಿಗ್ಗೆ ಹೆಸರು ಅಳಿಸೋಕೆ ಕೂತಳು. ‘ಖಂಡಿತವಾಗಿಯೂ ಅಳಿಸಬೇಕೇ?’ ಅಂತ ಸಾಫ್ಟ್‌ವೇರ್ ಕೇಳಿತು. ಹೌದು ಅಂತ ಒತ್ತಿದಳು. ಕಲ್ಲಾಗಿಬಿಟ್ಟಿದ್ದಳು.

ಎಂಟು ರಾತ್ರಿ ಏನೂ ಇಲ್ಲ. ಒಂಬತ್ತನೇ ರಾತ್ರಿ ಕೊರಡಿನ ಹಾಗೆ ಬಿದ್ದುಕೊಂಡಳು. ಎದ್ದಾಗ ಬಿಸಿಲು. ಮೂರು ಗಂಟೆಗೆ ಅಲಾರಂ ಹೊಡೆದಿತ್ತು, ಇವಳಿಗೆ ಕೇಳಿಸಿರಲಿಲ್ಲ. ರಕ್ತವೆಲ್ಲ ಕೆಟ್ಟೇಹೋಯ್ತು ಅಂದ್ಕೊಂಡು ಲಾಗ್ ತೆಗೆದಳು.

ಒಂದೇ ನಿಮಿಷಕ್ಕೆ ಇನ್ನೊಂದು ಯಂತ್ರ ಶುರುವಾಗಿತ್ತು. ನಿಲ್ಲಿಸಿದವರ ಹೆಸರಿನ ಜಾಗ ಖಾಲಿ. ಷರಾ ಬರೆಯೋ ಕಡೆ ಮಾತ್ರ ಒಂದು ಸಾಲು...

‘ಅವಳು ಮಲಗಿದ್ದಾಳೆ. ಎಬ್ಬಿಸಬೇಡಿ.’

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆ ಸಾಲನ್ನ ನಾನು ಕಣ್ಣಾರೆ ಓದಿದೀನಿ. ಅದರ ಮುಂದೆ ಹೊತ್ತೂ ಇತ್ತು. ಮೂರು ಹೊಡೆದು ಒಂದು ನಿಮಿಷ.