ಬ್ರೇಕ್ ಮೇಷ್ಟ್ರ ಹತ್ತು ಭೇಟಿಗಳು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈ ಆಪ್ತಸಮಾಲೋಚನಾ ಕೇಂದ್ರದ ಸಿಬ್ಬಂದಿ ವರ್ಗದವರೇ, ಮತ್ತು ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಹಿಂದಿನ ಬಾಗಿಲಿನಿಂದ ಬಂದು, ಒಳಗೆ ಪರಿಚಯದವರೇ ತುಂಬಿರುವುದನ್ನು ಕಂಡು ಪೆಚ್ಚಾಗಿ ಕುಳಿತಿರುವ ಸಭಿಕರೇ,

ಕೇಂದ್ರದ ಐದನೆಯ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ‘ಭೇಟಿಗಳ ಸಂಪೂರ್ಣ ಪ್ರಯೋಜನ ಪಡೆಯುವುದು ಹೇಗೆ’ ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಇಷ್ಟೊಂದು ಓದಿಕೊಂಡವರು ಇರುವಾಗ ನಾನೇ ಏಕೆ? ಕಚೇರಿಯಲ್ಲಿ ವಿಚಾರಿಸಿದೆ. ಹತ್ತು ಭೇಟಿಗಳಲ್ಲಿ ಒಂದನ್ನೂ ತಪ್ಪಿಸದೆ, ಒಂದಕ್ಕೂ ತಡವಾಗಿ ಬಾರದೆ ಇದ್ದವನು ಈ ಕೇಂದ್ರದಲ್ಲಿ ನಾನೊಬ್ಬನೇ ಅಂತೆ. ಸಮಾಲೋಚಕರನ್ನೂ ಸೇರಿಸಿ ಹೇಳಿದ ಲೆಕ್ಕ ಅದು.

ನಾನು ಕಾರು ಕಲಿಸುವ ಮೇಷ್ಟ್ರು. ಇಪ್ಪತ್ತೆಂಟು ವರ್ಷಗಳಿಂದ ನನ್ನದೇ ಡ್ರೈವಿಂಗ್ ಸ್ಕೂಲು. ನನ್ನ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕ್ ಇದ್ದರೆ, ಪಕ್ಕದಲ್ಲಿ ಕೂರುವ ನನ್ನ ಕಾಲ ಬಳಿಯೂ ಇನ್ನೊಂದಿದೆ. ಸ್ಟೀರಿಂಗ್ ಅವರ ಕೈಯಲ್ಲಿ, ಇಬ್ಬರ ಪ್ರಾಣವೂ ನನ್ನ ಕಾಲಲ್ಲಿ. ಶಿಷ್ಯರು ಎದುರಿಗೆ ಸಾರ್ ಅನ್ನುತ್ತಾರೆ, ಬೆನ್ನ ಹಿಂದೆ ಬ್ರೇಕ್ ಮೇಷ್ಟ್ರು ಅನ್ನುತ್ತಾರೆ. ನಮ್ಮ ಅಧ್ಯಕ್ಷರೂ ನನ್ನ ಶಿಷ್ಯರೇ. ರಿವರ್ಸ್ ತೆಗೆಯುವುದೊಂದು ಅವರಿಗೆ ಇನ್ನೂ ಒಲಿದಿಲ್ಲ. ಆದ್ದರಿಂದ ಕಾರ್ಯಕ್ರಮ ಮುಗಿದ ಮೇಲೆ ಅವರ ಕಾರಿನ ಹಿಂದೆ ದಯವಿಟ್ಟು ಯಾರೂ ನಿಲ್ಲಬೇಡಿ.

ಇಂಥವನು ಇಲ್ಲಿಗೆ ಏಕೆ ಬಂದ? ನನ್ನ ಹೆಂಡತಿ ಮನೆ ಬಿಟ್ಟು ತನ್ನ ತಂಗಿಯ ಮನೆಗೆ ಹೋಗಿ ಒಂಬತ್ತು ತಿಂಗಳಾಯಿತು. ಜಗಳವಾಡಿ ಹೋಗಲಿಲ್ಲ. ಬಟ್ಟೆಗಳನ್ನು ಇಸ್ತ್ರಿ ಮಾಡಿ, ಮಡಚಿ, ಎರಡು ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು ಹೋದಳು. ನಾದಿನಿಗೆ ಫೋನ್ ಮಾಡಿ ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳಿದೆ. “ಬರ್ತಾಳೋ ಇಲ್ವೋ ಗೊತ್ತಿಲ್ಲ ಭಾವ. ನೀವು ಮೊದಲು ಯಾರ ಹತ್ರನಾದ್ರೂ ಹೋಗಿ ಮಾತಾಡಿ” ಅಂದಳು. ನಾನು ಬೆಳಗಿನಿಂದ ಸಂಜೆಯವರೆಗೆ ಮಾತಾಡುವುದನ್ನೇ ಕಸುಬು ಮಾಡಿಕೊಂಡವನು, ಇನ್ನು ಹೊಸದಾಗಿ ಮಾತಾಡುವುದೇನಿದೆ ಅಂದುಕೊಂಡೆ. ಆದರೂ ಬಂದೆ. ಅವಳು ವಾಪಸ್ ಬರಬೇಕು ಅನ್ನುವುದು ಬಿಟ್ಟರೆ ನನಗೆ ಬೇರೇನೂ ಬೇಕಿರಲಿಲ್ಲ.

ಬಂದವನು ಮೊದಲ ದಿನ ಮಾಡಿದ್ದೇನು ಗೊತ್ತೇ? ನಮ್ಮ ಸ್ಕೂಲಿನಲ್ಲಿ ಇಪ್ಪತ್ತು ಕ್ಲಾಸು, ಒಂದು ಪರೀಕ್ಷೆ, ಪಾಸಾದರೆ ಲೈಸೆನ್ಸು. ಇಲ್ಲಿಯೂ ಹಾಗೆಯೇ ಇರಬೇಕೆಂದು ತಿಳಿದು, ಹತ್ತು ಭೇಟಿ ಮುಗಿದ ಮೇಲೆ ಪ್ರಮಾಣಪತ್ರ ಯಾರ ಸಹಿಯಲ್ಲಿ ಬರುತ್ತದೆ ಎಂದು ಕೇಳಿದೆ. ಅದನ್ನು ತೆಗೆದುಕೊಂಡು ಹೋಗಿ, ನೋಡು, ನಾನು ರಿಪೇರಿಯಾಗಿದ್ದೇನೆ, ಪೆಟ್ಟಿಗೆ ಕಟ್ಟು ಎಂದು ಹೆಂಡತಿಗೆ ತೋರಿಸುವ ಯೋಜನೆ ನನ್ನದು. ನನ್ನ ಸಮಾಲೋಚಕಿ, ಅಗೋ ಅಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಾರಲ್ಲ ಅವರೇ, ನನ್ನ ಮಗಳಾಗುವಷ್ಟು ಚಿಕ್ಕವರು. ಪ್ರಮಾಣಪತ್ರ ಇಲ್ಲ ಸಾರ್ ಅಂದರು. ಹಾಗಾದರೆ ಮುದ್ರೆಯಾದರೂ ಒತ್ತಿಕೊಡಿ ಅಂದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಕೇಂದ್ರದವರು ಹತ್ತು ಸೂತ್ರಗಳ ಹಾಳೆಯೊಂದನ್ನು ಅಚ್ಚು ಹಾಕಿಸಿದ್ದಾರೆ, ನಿಮ್ಮ ಕುರ್ಚಿಯ ಮೇಲೂ ಇತ್ತು. ಬಹಳ ಜನ ಅದರಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದೀರಿ. ಸಮಯಕ್ಕೆ ಸರಿಯಾಗಿ ಬನ್ನಿ ಎಂದಿದೆ. ಬಂದೆ. ಹೇಳಬೇಕಾದ್ದನ್ನು ಮೊದಲೇ ಬರೆದುಕೊಳ್ಳಿ ಎಂದಿದೆ. ಬರೆದುಕೊಂಡೆ: ನನ್ನ ಹೆಂಡತಿಯ ತಪ್ಪುಗಳು, ನಲವತ್ತೊಂದು, ವರ್ಷವಾರು. ಮುಕ್ತವಾಗಿ ಮಾತನಾಡಿ ಎಂದಿದೆ. ಐದು ವಾರ ನಾನು ಬಾಯಿ ಮುಚ್ಚಲಿಲ್ಲ. ಕೆರೆಗೆ ಕಾರು ಇಳಿಸಿದ ವಕೀಲರ ಕಥೆ, ಬಲಕ್ಕೆ ಸಿಗ್ನಲ್ ಹಾಕಿ ಎಡಕ್ಕೆ ತಿರುಗಿದ ದಂತವೈದ್ಯರ ಕಥೆ, ಎಲ್ಲವನ್ನೂ ಹೇಳಿದೆ. ಸಮಾಲೋಚಕಿ ನಕ್ಕರು. ಅವರು ನಕ್ಕಾಗಲೆಲ್ಲ ನಾನು ಮನಸ್ಸಿನಲ್ಲೇ ಅವರಿಗೆ ಅಂಕ ಕೊಟ್ಟೆ. ಹುಡುಗಿ ಪರವಾಗಿಲ್ಲ, ಇನ್ನೆರಡು ಕ್ಲಾಸಿಗೆ ತಯಾರಾಗುತ್ತಾಳೆ ಅಂದುಕೊಂಡೆ. ಸೂತ್ರಗಳನ್ನೆಲ್ಲ ನಾನು ಪಾಲಿಸಿದ್ದೆ, ಪ್ರಯೋಜನ ಮಾತ್ರ ಚೂರೂ ಆಗಿರಲಿಲ್ಲ.

ಆರನೆಯ ಭೇಟಿಯಲ್ಲಿ ಅವರು ತಮ್ಮ ಪುಸ್ತಕ ತೆರೆದು ಹೇಳಿದರು: “ಸಾರ್, ಇಲ್ಲಿ ಕೂತು ನೀವು ಇವತ್ತಿನವರೆಗೆ ಹದಿನೇಳು ಸಲ ಬ್ರೇಕ್ ಒತ್ತಿದೀರಿ. ಹದಿನೇಳು ಸಲಾನೂ ನಾನು ನಿಮ್ಮ ಅತ್ತೆಯವರ ಬಗ್ಗೆ ಕೇಳಿದಾಗ.”

ನಾನು ಕೆಳಗೆ ನೋಡಿದೆ. ನನ್ನ ಬಲಗಾಲು ಕಾರ್ಪೆಟ್ಟನ್ನು ಒತ್ತಿ ಹಿಡಿದಿತ್ತು. ಆ ಜಾಗದಲ್ಲಿ ಕಾರ್ಪೆಟ್ಟಿನ ಎಳೆಗಳು ಎದ್ದು ಬಂದಿದ್ದವು. ಹೊಸ ಕಾರ್ಪೆಟ್ ಹಾಕಿಸಿಕೊಡುತ್ತೇನೆ ಎಂದು ಹೇಳಿ ನಗಿಸಲು ನೋಡಿದೆ. ಅವರು ನಗಲಿಲ್ಲ. ಪ್ರತಿ ಸಲ ಕಾಲು ಒತ್ತಿದ ಮೇಲೆ ಒಂದು ತಮಾಷೆ ಬರುತ್ತದೆ, ಅದನ್ನೂ ಬರೆದುಕೊಂಡಿದ್ದೇನೆ ಅಂದರು. ಏಳನೆಯ ಭೇಟಿಗೆ ಬಂದಾಗ ಚಪ್ಪಲಿ ಬಿಡಿಸಿ, ಸೋಫಾದ ಮೇಲೆ ಎರಡೂ ಕಾಲು ಮಡಚಿ ಕೂರಿಸಿದರು. ಚಕ್ಕಳಮಕ್ಕಳ ಹಾಕಿ ಕೂತವನು ಏನನ್ನು ಒತ್ತಿಯಾನು, ನೀವೇ ಹೇಳಿ. ಅಂದು ಬಾಯಿ ಬಿಟ್ಟೆ.

ಅಂದು ಹೇಳಿದ್ದನ್ನು ಇಲ್ಲಿ ಹೇಳುವುದು ಭಾಷಣದಲ್ಲಿ ಇರಲಿಲ್ಲ. ಆದರೆ ಹೇಳದಿದ್ದರೆ ಮಿಕ್ಕಿದ್ದು ನಿಮಗೆ ಅರ್ಥವಾಗುವುದಿಲ್ಲ. ಕಳೆದ ವರ್ಷ ನಮ್ಮ ಅತ್ತೆ ಕಾಯಿಲೆ ಬಿದ್ದಿದ್ದರು. ಅವರ ಊರು ನಮ್ಮಲ್ಲಿಂದ ಮೂರು ಗಂಟೆಯ ದಾರಿ. ಒಂದು ಬೆಳಿಗ್ಗೆ ಹತ್ತಕ್ಕೆ ನಾದಿನಿ ಅಲ್ಲಿಂದ ತನ್ನ ಅಕ್ಕನಿಗೆ ಫೋನ್ ಮಾಡಿ, ಅಮ್ಮ ನಿನ್ನನ್ನು ಕೇಳುತ್ತಿದ್ದಾಳೆ ಎಂದಳು. ನನ್ನ ಹೆಂಡತಿ ಮನೆಯ ಕಾರಿನ ಕೀಲಿ ಕೇಳಿದಳು. ಲೈಸೆನ್ಸ್ ಪಡೆದು ಹನ್ನೊಂದು ವರ್ಷವಾಗಿತ್ತು. ಕಲಿತದ್ದು ನನ್ನ ಬಳಿಯೇ, ಮೊದಲ ಪರೀಕ್ಷೆಗೇ ಪಾಸು. “ಹೆದ್ದಾರಿ ನಿನ್ನ ಕೈಲಿ ಆಗಲ್ಲ. ಸಂಜೆ ನಾನೇ ಕರ್ಕೊಂಡು ಹೋಗ್ತೀನಿ” ಅಂದೆ. ಬಸ್ಸಿಗೆ ಹೋಗುತ್ತೇನೆ ಅಂದಳು. ಎರಡು ಕಡೆ ಬಸ್ಸು ಬದಲಾಯಿಸಿಕೊಂಡು ಹೋಗುವಷ್ಟರಲ್ಲಿ ಕತ್ತಲಾಗುತ್ತದೆ ಎಂದು ಅದನ್ನೂ ತಡೆದೆ. ನನಗೆ ಆ ದಿನ ಆರು ಕ್ಲಾಸುಗಳಿದ್ದವು. ಮನೆಯ ಕಾರು ಗೇಟಿನ ಬಳಿ ನಿಂತೇ ಇತ್ತು. ಅದರ ಕೀಲಿ ನನ್ನ ಅಂಗಿಯ ಜೇಬಿನಲ್ಲಿ ಇಡೀ ದಿನ ಊರು ಸುತ್ತಿತು.

ಅತ್ತೆ ಮಧ್ಯಾಹ್ನ ಮೂರೂವರೆಗೆ ಹೋದರು. ನಾವು ತಲುಪಿದಾಗ ಎಂಟು ಗಂಟೆ. ಕೊನೆಯವರೆಗೂ ದೊಡ್ಡವಳು ಬಂದಳಾ, ದೊಡ್ಡವಳು ಬಂದಳಾ ಎಂದು ಕೇಳುತ್ತಿದ್ದರಂತೆ.

ಆಮೇಲೆ ನನ್ನ ಹೆಂಡತಿ ಆ ದಿನದ ಮಾತು ಎತ್ತಿದಾಗಲೆಲ್ಲ ನಾನು “ಆಗಿದ್ದು ಆಯ್ತು ಬಿಡು” ಅಂದೆ. ಊಟಕ್ಕೆ ಕೂತಾಗ ಎತ್ತಿದಳು, ಬಿಡು ಅಂದೆ. ಬಟ್ಟೆ ಒಣಗಿಸುವಾಗ ಎತ್ತಿದಳು, ಬಿಡು ಅಂದೆ. ಕೊನೆಗೆ ಅವಳು ನನ್ನನ್ನೇ ಬಿಟ್ಟಳು. ನಲವತ್ತೊಂದು ತಪ್ಪುಗಳ ಪಟ್ಟಿಯಲ್ಲಿ ಕೊನೆಯದು ‘ಹಳೆಯ ವಿಷಯ ಕೆದಕುತ್ತಾಳೆ’ ಎಂದಿತ್ತು. ಬರೆದ ಕೈ ಇದೇ. ನನಗೆ ನಾಚಿಕೆಯಾಗುತ್ತದೆ ಸಭಿಕರೇ.

ಅಂದು ಸೋಫಾದ ಮೇಲೆ ನಾನು ಮುಕ್ಕಾಲು ಗಂಟೆ ಅತ್ತುಬಿಟ್ಟೆ. ಐವತ್ತೆಂಟು ವರ್ಷದ ಗಂಡಸು. ಅಷ್ಟರಲ್ಲಿ ಎರಡೂ ಕಾಲು ಜೋಮು ಹಿಡಿದು ಏಳಲಾಗದ ನನ್ನನ್ನು ಕಚೇರಿಯ ಗುಮಾಸ್ತರೂ ಸಮಾಲೋಚಕಿಯೂ ಆಚೀಚೆ ಹಿಡಿದು ಹೊರಗೆ ನಡೆಸಿಕೊಂಡು ಬಂದರು. ಹೊರಗೆ ಸರದಿಗಾಗಿ ಕೂತಿದ್ದ ಒಬ್ಬರು ಅದನ್ನು ನೋಡಿ ಎದ್ದು ಮನೆಗೆ ಹೋದರಂತೆ. ಒಳಗೆ ಹೊಡೆಯುತ್ತಾರೆ ಅಂದುಕೊಂಡಿರಬೇಕು. ಅವರು ಇಂದು ಇಲ್ಲಿದ್ದರೆ ದಯವಿಟ್ಟು ಮತ್ತೆ ಬನ್ನಿ, ಹೊಡೆಯುವುದಿಲ್ಲ.

ಹಾಗಾದರೆ ಪ್ರಯೋಜನ ಪಡೆಯುವುದು ಹೇಗೆ? ನನಗೆ ತಿಳಿದದ್ದು ಇಷ್ಟೇ. ಯಾವ ಪ್ರಶ್ನೆಗೆ ನಿಮಗೆ ತಮಾಷೆ ಹೊಳೆಯುತ್ತದೋ ಆ ಪ್ರಶ್ನೆಯನ್ನು ಬಿಡಬೇಡಿ. ಸಮಾಲೋಚಕರನ್ನು ನಗಿಸಲು ಹೋಗಬೇಡಿ, ಅವರು ನಕ್ಕರೆ ನಿಮ್ಮ ಗಂಟೆಯೇ ಹಾಳು. ಬೇರೆಯವರ ತಪ್ಪುಗಳನ್ನು ಬರೆದುಕೊಂಡು ಹೋಗಿದ್ದರೆ ಹಾಳೆಯ ಹಿಂಬದಿ ಖಾಲಿಯಿರುತ್ತದೆ, ಅಲ್ಲಿ ನಿಮ್ಮದನ್ನು ಬರೆಯಿರಿ. ಇನ್ನೂ ನಾಲ್ಕೈದು ಅಂಶಗಳಿದ್ದವು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಹೆಂಡತಿ ಈ ಸಭೆಯಲ್ಲಿದ್ದಾಳೆ. ಆಹ್ವಾನ ಪತ್ರಿಕೆ ಕಳಿಸಿದ್ದೆ, ಬರುತ್ತಾಳೆಂದುಕೊಂಡಿರಲಿಲ್ಲ. ತಂಗಿಯ ಕಾರನ್ನು ತಾನೇ ಓಡಿಸಿಕೊಂಡು, ಹೆದ್ದಾರಿಯಲ್ಲೇ ಬಂದಿದ್ದಾಳೆ. ತಿರುಗಿ ನೋಡಬೇಡಿ, ಅವಳಿಗೆ ಮುಜುಗರವಾಗುತ್ತದೆ. ಈ ಹಾಳೆಯ ಕೊನೆಯಲ್ಲಿ ಅವಳಿಗಾಗಿ ಒಂದು ಕ್ಷಮಾಪಣೆ ಬರೆದುಕೊಂಡು ಬಂದಿದ್ದೇನೆ. ಮೂರು ರಾತ್ರಿ ತಿದ್ದಿದ್ದೇನೆ, ಚೆನ್ನಾಗಿಯೇ ಇದೆ. ಓದಿದರೆ ನೀವು ಖಂಡಿತ ಚಪ್ಪಾಳೆ ತಟ್ಟುತ್ತೀರಿ. ಇನ್ನೂರು ಜನ ಚಪ್ಪಾಳೆ ತಟ್ಟಿದ ಮೇಲೆ ಅವಳು ಇಲ್ಲ ಎನ್ನುವುದು ಹೇಗೆ? ಮೈಕು ನನ್ನ ಕೈಯಲ್ಲಿದೆ, ಅವಳ ಕೈಯಲ್ಲಿಲ್ಲ. ಇಲ್ಲಿಯವರೆಗೆ ಅವಳ ತಾಯಿಯ ಕಥೆಯನ್ನೂ ನಾನೇ ಹೇಳಿಬಿಟ್ಟೆ, ಅದಕ್ಕೂ ಅವಳ ಅಪ್ಪಣೆ ಕೇಳಲಿಲ್ಲ.

ಆದ್ದರಿಂದ ಅದನ್ನು ಓದುವುದಿಲ್ಲ. ನನಗೆ ಇನ್ನೂ ಆರು ನಿಮಿಷವಿದೆ, ಅಧ್ಯಕ್ಷರು ಅದನ್ನು ತಮ್ಮ ಭಾಷಣಕ್ಕೆ ಸೇರಿಸಿಕೊಳ್ಳಲಿ. ಅವಳು ಈಗ ಎದ್ದು ಬಾಗಿಲ ಬಳಿ ನಿಂತಿದ್ದಾಳೆ. ಹೊರಟಿದ್ದಾಳೋ ಕಾಯುತ್ತಿದ್ದಾಳೋ ಇಲ್ಲಿಂದ ಗೊತ್ತಾಗುತ್ತಿಲ್ಲ. ನಿಲ್ಲು ಎಂದು ಇಲ್ಲಿಂದ ಕೂಗುವುದಿಲ್ಲ. ಹೊರಟಿದ್ದರೆ ಹೋಗಲಿ, ದಾರಿ ಅವಳಿಗೆ ಗೊತ್ತಿದೆ. ಕಾಯುತ್ತಿದ್ದರೆ, ಆ ದಿನದ ಬಗ್ಗೆ ಅವಳು ಹೇಳಬೇಕೆಂದಿದ್ದನ್ನು ನಾನು ಮೊದಲಿನಿಂದ ಕೊನೆಯವರೆಗೆ ನಿಂತು ಕೇಳಬೇಕು. ಎಷ್ಟು ಹೊತ್ತಾಗುತ್ತದೋ ತಿಳಿಯದು, ಫೋಟೋಗೆ ನನ್ನನ್ನು ಕಾಯಬೇಡಿ.

ಕರೆದ ಕೇಂದ್ರದವರಿಗೆ, ಆರನೆಯ ಭೇಟಿಯಲ್ಲಿ ನಗದೆ ಇದ್ದ ನನ್ನ ಸಮಾಲೋಚಕಿಯವರಿಗೆ, ನಕ್ಕ ನಿಮಗೆ ವಂದನೆಗಳು. ನಮಸ್ಕಾರ.