ನಾಲ್ಕು ಸೆಕೆಂಡು ಕೇಳಿದ್ದು

ಇಲ್ಲ ತಂಗಿ, ಫೋನಲ್ಲಿಲ್ಲ. ಹುಡುಕಿಯಾಯ್ತು. ಮಂಗಳವಾರ ನೀವು ಹೊಸ ವೆಬ್‌ಸೈಟು ಹಾಕಿದ್ರಲ್ಲ, ಅವತ್ತಿಂದ ಇಲ್ಲ. ಪಟ್ಟಿ ಇದೆ... ಗಿರಾಕಿ ಹೆಸರು, ತಾರೀಕು, ಎಲ್ಲಾ ಇದೆ. ಒತ್ತಿದ್ರೆ ದನಿ ಬರಲ್ಲ.

ಯಾಕೆ ನಗ್ತೀರಿ? ಹೌದಮ್ಮಾ, ಲಾಂಡ್ರಿಗೆ ಸೈಟು! ಮಗಳು ಮಾಡಿಸಿದ್ದು. ನನಗೆ ಓದೋದು ನಿಧಾನ. 'ನೀವು ಒಂದು ವಿಳಾಸ ಓದೋಷ್ಟರಲ್ಲಿ ಬಟ್ಟೆ ಮತ್ತೆ ಕೊಳೆಯಾಗಿರುತ್ತೆ' ಅನ್ನೋಳು ನನ್ನ ಹೆಂಡತಿ. ಅದಕ್ಕೇ ಅವಳು ಬರೀತಿರಲಿಲ್ಲ. ಅಂಗಡೀಲಿ ಕೂತು, ಮಾತಾಡಿ, ಸೈಟಿಗೆ ಹಾಕೋಳು. ನಾನು ದಾರೀಲಿ ಸೈಕಲ್ ನಿಲ್ಲಿಸಿ ಫೋನಲ್ಲಿ ಕೇಳೋನು. 'ನೀಲಿ ಗೇಟು, ನಾಲ್ಕು ಚಾದರ. ನಾಯಿ ಇದೆ, ಬೆಲ್ ಮಾಡಿ. ಎಲ್ಲಿದ್ದೀರಿ? ಬೇಗ ಬನ್ನಿ.' ಮೊದ್ಲು ವಿಳಾಸ. ಕೊನೆಗೆ ಬೇಗ ಬನ್ನಿ. ಯಾವಾಗ್ಲೂ ಬೇಗ ಬನ್ನಿ, ಬೇಗ ಬನ್ನಿ...

ಅವಳು ಹೋಗಿ ಎರಡು ತಿಂಗಳಾಯ್ತು. ಎದೆನೋವು. ನಾನು ಬಂದಾಗ ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇತ್ತು.

ಏನು, ಹಳೇ ಫೋಲ್ಡರಾ? ದನಿಗಳೂ ಅದರೊಳಗೇ ಇದ್ವಾ? ಹೊಸದು ಹಾಕುವಾಗ ಅದನ್ನ ಹಾಗೇ ಸರ್ವರಿನ ಮೂಲೆಗೆ ಸರಿಸಿಬಿಟ್ರಾ... ನೋಡದೇನೇ? ಒಗೆಯೋಕೆ ಮುಂಚೆ ಜೇಬು ನೋಡ್ಬೇಕು ತಂಗಿ. ಅವಳು ನನಗೆ ಕಲಿಸಿದ ಮೊದಲ ಪಾಠ ಅದು. ಇರ್ಲಿ ಬಿಡಿ, ಬೈತಿಲ್ಲ. ಬಿಸಾಕಿಲ್ವಲ್ಲ.

ಬಂತಾ? ಅಬ್ಬಾ! ಇಷ್ಟೊಂದು ಮಾತಾಡಿದಾಳಾ...

ಎಲ್ಲಾ ಬೇಡ. ಕೊನೇದು ಒಂದೇ. ಅವಳು ಹೋದ ದಿನದ್ದು.

ಬೇಡ ಬೇಡ, ಮಗಳನ್ನ ಕರೀಬೇಡಿ. ಹೊರಗೇ ಕೂತಿರ್ಲಿ. ಅವತ್ತು ನೆಟ್‌ವರ್ಕ್ ಇರಲಿಲ್ಲ ನೋಡಿ. ಆ ಬೀದೀಲಿ ಸಿಗೋದೇ ಇಲ್ಲ. ಮೆಸೇಜು ಬಂದದ್ದೇ ಗೊತ್ತಾಗ್ಲಿಲ್ಲ. ಮಗಳಿಗೂ ಹೇಳಿದೀನಿ. ಎಲ್ಲರಿಗೂ ಅದೇ ಹೇಳಿದೀನಿ. ನಾನು ಕೇಳೇ ಇಲ್ಲ...

ಯಾಕೆ ಮೌಸಿಂದ ಕೈ ತೆಗೆದ್ರಿ? ಹಾಕಿ.

ಪಕ್ಕದಲ್ಲಿ ಏನದು? ಅಂಕಿ ಓದ್ತೀನಿ ನಾನು. ನಲವತ್ತೊಂದು... ಅಷ್ಟು ಸೆಕೆಂಡು ಮಾತಾಡಿದಾಳೆ, ಸರಿ. ಈ ನಾಲ್ಕು ಏನು?

ಹೇಳಿ ತಂಗಿ. ನಾಲ್ಕು ಏನು?

...ಓ. ಎಷ್ಟು ಕೇಳಿದ್ರು ಅಂತ ಅದೂ ಬರ್ಕೊಳುತ್ತಾ.

ಕೇಳಿದ ಟೈಮೂ ಇದೆಯಾ. ಇರುತ್ತೆ.

ಹಾಗೆ ನೋಡ್ಬೇಡಿ. ಅವತ್ತು ವಿಳಾಸ ಹೇಳಲಿಲ್ಲ ಅವಳು. ಶುರುವಿಗೇ 'ಎಲ್ಲಿದ್ದೀರಿ? ಬೇಗ ಬನ್ನಿ.' ಅಷ್ಟೇ ಕೇಳಿದ್ದು ನಾನು. ದಿನಾ ಇದ್ದದ್ದೇ ಅಂತ ನಿಲ್ಲಿಸಿದೆ. ಮೊದ್ಲು ವಿಳಾಸ ಇಲ್ಲ ಅಂದ್ರೆ... ಹೊಳೀಬೇಕಿತ್ತು. ಹೊಳೀಲಿಲ್ಲ. ಇನ್ನೂ ಎರಡು ಮನೆ ಇತ್ತು. ಎರಡಕ್ಕೂ ಕೊಟ್ಟೆ. ಒಂದು ಕಡೆ ನೀರು ಕೇಳಿ ಕುಡಿದೆ. ಆಮೇಲೆ ಬಂದೆ.

ಮೂವತ್ತೇಳು ಸೆಕೆಂಡು ಉಳಿದಿದೆ. ಏನು ಹೇಳಿದಾಳೋ ಗೊತ್ತಿಲ್ಲ.

ಆ ಹೆಡ್‌ಫೋನ್ ಕೊಡಿ... ಇಲ್ಲ, ತಡೀರಿ. ಬೇಡ. ಜೋರಾಗಿ ಹಾಕಿ.

ಮೊದ್ಲು ಬಾಗಿಲು ತೆಗೀರಿ. ಮಗಳು ಒಳಗೆ ಬರ್ಲಿ.