ಮೆಣಸಿನಕಾಯಿಯ ಜಡೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಮಕ್ಕಳನ್ನು ಎತ್ತಿ ಇಳಿಸಿ ಸೊಂಟ ಹಿಡಿಸಿಕೊಂಡಿರುವ ಆಯಮ್ಮಂದಿರೇ, ಮುಂದಿನ ಸಾಲಿನಲ್ಲಿರುವ ನನ್ನ ಪುಟ್ಟ ಗಿರಾಕಿಗಳೇ, ಸಭಿಕರೇ,

ನಾನು ಕ್ಷೌರಿಕ. ಕೈಯಲ್ಲಿ ಕತ್ತರಿ ಇದ್ದರೆ ಎಷ್ಟು ಬೇಕಾದರೂ ಮಾತಾಡುತ್ತೇನೆ; ಮೈಕು ಹಿಡಿದರೆ ನಾಲಿಗೆ ಒಣಗುತ್ತದೆ. ಅಂಗಡಿಗೆ ರಜೆ ಇರುವ ದಿನ ವಿಕಲಚೇತನ ಮಕ್ಕಳ ಈ ನಿಲಯಕ್ಕೆ ಬಂದು ಕೂದಲು ಕತ್ತರಿಸುತ್ತೇನೆ. ಅದಕ್ಕೇಕೆ ಸನ್ಮಾನ? ಮನೆಯಲ್ಲಿ ಒಬ್ಬನೇ ಕೂತು ಗೋಡೆ ನೋಡುವುದಕ್ಕಿಂತ ಇದು ವಾಸಿ.

ಮೊದಲ ದಿನವೇ ಒಂದು ಎಡವಟ್ಟಾಯಿತು. ಎಲ್ಲರಿಗೂ ಮಷೀನು ಹೊಡೆದು ನುಣ್ಣಗೆ ಮಾಡಿಬಿಡಿ ಎಂದು ನಿಲಯದವರು ಹೇಳಿದ್ದರು. ಆದರೆ ಒಬ್ಬ ಹುಡುಗಿಯ ಗಾಲಿಕುರ್ಚಿ ಮುಂದೆ ಬಂದಾಗ, ಅಂಗಡಿಯ ಅಭ್ಯಾಸ ನೋಡಿ, "ಹೇಗ್ ಬೇಕಮ್ಮಾ?" ಎಂದುಬಿಟ್ಟೆ. ಮಾತು ಬಾರದ ಹುಡುಗಿ. ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಎಲ್ಲರೂ ಮೆಣಸಿನಕಾಯಿ ಎನ್ನುತ್ತಾರೆ. ನನ್ನನ್ನೇ ದಿಟ್ಟಿಸಿದಳು. ಆಮೇಲೆ ಪಕ್ಕದಲ್ಲಿದ್ದ ಆಯಮ್ಮನ ಉದ್ದ ಜಡೆ ಹಿಡಿದು ಜಗ್ಗಿದಳು. "ಅಯ್ಯಯ್ಯೋ, ಬಿಡೇ!" ಎಂದರೂ ಬಿಡಲಿಲ್ಲ. ಕೇಳಿದ ಮೇಲೆ ಕೊಡದೆ ಇರಲಾದೀತೇ? ಅಂದಿನಿಂದ ಅವಳ ತಲೆಗೆ ಮಷೀನು ಮುಟ್ಟಿಸಿಲ್ಲ. ಈಗ ಕೂದಲು ಭುಜಕ್ಕೆ ಬಂದಿದೆ.

ಆದರೆ ಈಗ ತಾನೇ ಅಧ್ಯಕ್ಷರು, ಬೇಸಿಗೆಗೆ ಮುಂಚೆ ಒಬ್ಬರನ್ನೂ ಬಿಡದೆ ಎಲ್ಲರ ತಲೆ ಬೋಳಿಸುವ ಸೇವೆ ನನ್ನಿಂದಲೇ ನಡೆಯಲಿದೆ ಎಂದು ಘೋಷಿಸಿದರು. ಹೇನಾಗುತ್ತದೆ, ಬಾಚಲು ಜನ ಸಾಲದು, ನಿಜ. ಆದರೂ ಸ್ವಾಮಿ, ತಮ್ಮ ತಲೆಯಲ್ಲಿ ಉಳಿದಿರುವುದು ನಾಲ್ಕೇ ಕೂದಲು. ಅದಕ್ಕೂ ನನ್ನ ಅಂಗಡಿಯಲ್ಲಿ "ಇಲ್ ಸ್ವಲ್ಪ ಬಿಡಪ್ಪಾ, ಅಲ್ ತೆಗಿ" ಎನ್ನುವುದಿಲ್ಲವೇ? ಈ ಮಕ್ಕಳನ್ನು ಯಾರಾದರೂ ಕೇಳಿದಿರಾ?

ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಔಷಧಿಯಿಂದ ಕೂದಲೆಲ್ಲ ಉದುರಿತ್ತು. ಆದರೂ ಬೆಳಗಾದರೆ, "ರೀ, ಬಾಚಣಿಗೆ ಎಲ್ಲಿಟ್ರಿ?" ಎನ್ನುತ್ತಿದ್ದಳು. ಏನಿದೆ ಎಂದು ಬಾಚಲಿ? ಬಾಚುತ್ತಿದ್ದೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಆ ಬಾಚಣಿಗೆ ಈಗಲೂ ಜೇಬಿನಲ್ಲಿದೆ.

ಬೇಜಾರು ಮಾಡಿಕೊಳ್ಳಬೇಡಿ, ಕೇಳದೆ ಒಂದು ತಲೆಗೂ ನಾನು ಮಷೀನು ಹಾಕುವುದಿಲ್ಲ. ಬಾಚುವುದು, ಹೇನು ತೆಗೆಯುವುದು ನನ್ನ ಪಾಲಿಗಿರಲಿ. ಚಪ್ಪಾಳೆ ತಟ್ಟುತ್ತಿರುವವರೂ ಬನ್ನಿ. ಒಂದಿಷ್ಟು ಪುರುಸೊತ್ತಿದ್ದರೆ ಸಾಕು.

ಅಗೋ, ಮೆಣಸಿನಕಾಯಿ ಕುರ್ಚಿ ಬಡಿಯುತ್ತಿದ್ದಾಳೆ, ಭಾಷಣ ಸಾಕಂತೆ. ಕರೆಸಿದವರಿಗೂ ಕೂತು ಕೇಳಿದವರಿಗೂ ವಂದನೆಗಳು. ಬಂದೆ ಮಗಳೇ, ಬಾಚಣಿಗೆ ತಂದಿದೀನಿ. ಹೇಗ್ ಬೇಕು, ಒಂದ್ ಜಡೆನೋ, ಎರಡೋ? ನಮಸ್ಕಾರ.